ಕಾಕಾನ ಟ್ರಂಕಿನ ಲಿಲಾವು

ಕಾಮಿಕ್ಸ್ ಸಂಗ್ರಹಕಾರರ ಭಾಷೆಯಲ್ಲಿ ‘ಗುಡ್’ ಅಂದರೆ ಒಳ್ಳೆಯದು ಎಂದು ಅರ್ಥವಲ್ಲ, ಹತ್ತಕ್ಕೆ ಎರಡು ಅಂಕ ಎಂದರ್ಥ. ‘ವೆರಿ ಗುಡ್’ ಅಂದರೆ ನಾಲ್ಕು, ‘ಫೈನ್’ ಅಂದರೆ ಆರು, ‘ವೆರಿ ಫೈನ್’ ಅಂದರೆ ಎಂಟು. ಅಂಗಡಿಯಿಂದ ಈಗಷ್ಟೇ ತಂದಂತಿರುವ ಪ್ರತಿಗೆ ‘ನಿಯರ್ ಮಿಂಟ್’ ಎನ್ನುತ್ತಾರೆ, ಅದಕ್ಕೆ 9.4. ಅಮೆರಿಕದಲ್ಲಿ ಹುಟ್ಟಿದ ಈ ಅಳತೆಗೋಲನ್ನು ತಂದು ನಮ್ಮ ಮನೆಗಳ ಪುಸ್ತಕಕ್ಕೆ ಹಿಡಿದರೆ ಏನಾದೀತು? ನಲವತ್ತು ಮಳೆಗಾಲ ಕಂಡು, ನಾಲ್ಕು ಮಕ್ಕಳ ಕೈ ದಾಟಿ, ಊಟದ ತಾಟಿನ ಪಕ್ಕದಲ್ಲಿ ಬಿಚ್ಚಿಟ್ಟು ಓದಿಸಿಕೊಂಡ ಪುಸ್ತಕಕ್ಕೆ ಎರಡು ಅಂಕ ಸಿಕ್ಕರೂ ಪುಣ್ಯ. ಆದರೆ ಆನ್‌ಲೈನ್ ಹರಾಜಿಗೆ ಹಾಕುವವರಲ್ಲಿ ಬಹಳಷ್ಟು ಜನ ಕಣ್ಣು ಮುಚ್ಚಿಕೊಂಡು ‘ಗುಡ್ ಕಂಡೀಷನ್’ ಎಂದು ಬರೆದುಬಿಡುತ್ತಾರೆ. ಬರೆದವನ ಮನಸ್ಸಿನಲ್ಲಿ ಒಂದು ಅರ್ಥ, ಓದಿದವನ ಮನಸ್ಸಿನಲ್ಲಿ ಇನ್ನೊಂದು. ಮುಂದಿನ ಜಗಳಗಳೆಲ್ಲ ಅಲ್ಲಿಂದಲೇ ಶುರು.

ಕಳೆದ ಒಂದೂವರೆ ವರ್ಷದಲ್ಲಿ ನಾನು 212 ಹಳೆಯ ಕಾಮಿಕ್ಸ್ ಮಾರಿದ್ದೇನೆ. ಒಂದೂ ನನ್ನದಲ್ಲ. ಧಾರವಾಡದ ನಮ್ಮ ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಹುಬ್ಬಳ್ಳಿಯಿಂದ ಗುಂತಕಲ್, ಮಿರಜ್, ಲೋಂಡಾ ಎಂದು ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಹೋಗುವ ಕೆಲಸ. ಸಿಗ್ನಲ್ಲಿಗಾಗಿ ಗಾಡಿ ತಾಸುಗಟ್ಟಲೆ ನಿಂತಾಗ ಓದಲಿಕ್ಕೆ ಬೇಕಲ್ಲ, ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಕಾಮಿಕ್ಸ್ ಕೊಳ್ಳುತ್ತಿದ್ದರು. ಕೊಂಡ ಪ್ರತಿಯೊಂದರ ಮೊದಲ ಪುಟದಲ್ಲಿ ನೀಲಿ ಶಾಯಿಯಿಂದ ಸ್ಟೇಷನ್ನಿನ ಹೆಸರು, ತಾರೀಖು, ಕೆಳಗೆ ಸಹಿ. ‘ಗುಂತಕಲ್, 12-5-71.’ ಅವರು ತೀರಿಕೊಂಡ ಮೇಲೆ ಉಳಿದದ್ದು ಎರಡು ಟ್ರಂಕು. ಕಾಕು ನಲವತ್ತು ವರ್ಷ ಅವುಗಳ ಮೇಲೆ ಕೂತು ಅಕ್ಕಿ ಆರಿಸಿದವರು. “ಮುದುಕರು ಓದೋವೂ ಅಲ್ಲ, ಈಗಿನ ಹುಡುಗರು ಮುಟ್ಟಂಗಿಲ್ಲ. ಯಾರ್ ತೊಗೋತಾರೋ ಇವನ್ನ?” ಎಂದು ಕೇಳಿದರು. ತೆಗೆದುಕೊಳ್ಳುವವರಿದ್ದಾರೆ, ದುಡ್ಡೂ ಬರುತ್ತದೆ ಎಂದಾಗ ಅವರಿಗೆ ಮೊದಲು ನೆನಪಾದದ್ದು ಮೇಲಿನ ಕೋಲಿ. ಅದರ ಮಾಳಿಗೆ ಸೋರುತ್ತದೆ. ರಿಪೇರಿ ಮಾಡಿಸಿದರೆ ಓದಲು ಬರುವ ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಡಬಹುದು. ಗಂಡನ ಪೆನ್ಷನ್ನಿನ ಆಚೆಗೆ, ಮಗನ ಕೈ ನೋಡದೆ, ತನ್ನದೇ ಎನ್ನುವ ತಿಂಗಳ ರೊಕ್ಕ. ಗುತ್ತಿಗೆದಾರ ಹೇಳಿದ್ದು ಒಂದು ಲಕ್ಷದ ನಲವತ್ತು ಸಾವಿರ. ನಾನು ಟ್ರಂಕುಗಳನ್ನು ಕಾರಿಗೆ ಹಾಕಿಕೊಂಡು ಪುಣೆಗೆ ತಂದೆ.

ಒಳಗೆ ಇದ್ದದ್ದು ಹೆಚ್ಚಾಗಿ ಎರಡು ಜಾತಿ. ಒಂದು, ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರಲ್ಲಿ ಶುರು ಮಾಡಿ 1990ರವರೆಗೆ ತಂದ ಇಂದ್ರಜಾಲ್ ಕಾಮಿಕ್ಸ್. ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ಆಮೇಲೆ 1976ರಲ್ಲಿ ಬಂದ ನಮ್ಮದೇ ಬಹಾದೂರ್. ಇನ್ನೊಂದು, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರ ಕಥೆ. ನಿಮ್ಮಲ್ಲೂ ಅನೇಕರ ಊರಿನ ಅಟ್ಟದ ಮೇಲೆ ಇವು ಇದ್ದಾವು. ಮುಂಬಯಿಯ ಫುಟ್‌ಪಾತಿನಲ್ಲೋ ಹೈದರಾಬಾದಿನ ಆಬಿಡ್ಸ್‌ನ ರವಿವಾರದ ಸಾಲಿನಲ್ಲೋ ಕೊಂಡವು ಈಗಿನ ಫ್ಲ್ಯಾಟಿನ ಲಾಫ್ಟಿನಲ್ಲೂ ಇದ್ದಾವು. ಮಾರುವ ಮನಸ್ಸಿದ್ದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕನಸಿನ ವಿಚಾರ. 1938ರ ‘ಆ್ಯಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು, 2014ರ ಆಗಸ್ಟಿನಲ್ಲಿ ಈಬೇಯಲ್ಲಿ ಮೂವತ್ತೆರಡು ಲಕ್ಷ ಡಾಲರಿಗೆ ಹರಾಜಾಯಿತು. ಈ ಸುದ್ದಿ ಎಲ್ಲ ಮನೆಗಳಿಗೂ ತಲುಪಿದೆ. ಆ ಪ್ರತಿಗೆ 9.0 ಅಂಕವಿತ್ತು ಎನ್ನುವ ಸುದ್ದಿ ಮಾತ್ರ ಯಾರಿಗೂ ತಲುಪಿಲ್ಲ. ಹೈದರಾಬಾದಿನಲ್ಲಿರುವ ಕಾಕಾನ ಮಗ ನನಗಿಂತ ಎಂಟು ವರ್ಷ ಸಣ್ಣವನು. ಟ್ರಂಕು ಪುಣೆ ಮುಟ್ಟುವ ಮೊದಲೇ ಎಕ್ಸೆಲ್ ಶೀಟ್ ಕಳಿಸಿದ್ದ. ಜಾಲದಲ್ಲಿ ಯಾರು ಯಾವುದಕ್ಕೆ ಎಷ್ಟು ಕೇಳುತ್ತಿದ್ದಾರೋ ಅದರಲ್ಲಿ ದೊಡ್ಡದನ್ನು ಆರಿಸಿ ಕೂಡಿಸಿದ್ದ. ಮೊತ್ತ ಎಂಟು ಲಕ್ಷ ಚಿಲ್ಲರೆ. ನಾನು ಹದಿನೆಂಟು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಅಂದಾಜು ಪಟ್ಟಿ ನೋಡುತ್ತಾ ಬಂದವನು, ಇಂಥ ಶೀಟಿನ ವಾಸನೆ ದೂರದಿಂದಲೇ ಬಡಿಯುತ್ತದೆ. ಕೇಳುವ ಬೆಲೆ ಬೆಲೆಯೇ ಅಲ್ಲ. ಎರಡು ವರ್ಷದಿಂದ ಮಾರಾಟವಾಗದೆ ನೇತಾಡುತ್ತಿರುವ ಪುಸ್ತಕಕ್ಕೆ ಹತ್ತು ಸಾವಿರ ಎಂದು ಬರೆದಿದ್ದರೆ ಅದರಿಂದ ತಿಳಿಯುವುದು ಒಂದೇ, ಆ ಪುಸ್ತಕಕ್ಕೆ ಹತ್ತು ಸಾವಿರ ಕೊಡುವವರು ಇಲ್ಲ. ನೋಡಬೇಕಾದದ್ದು ಮುಗಿದ ಹರಾಜುಗಳನ್ನು, ಹಣ ಕೈ ಬದಲಿಸಿದ ಮೊತ್ತವನ್ನು, ಅದೂ ಒಂದಲ್ಲ, ನಾಲ್ಕೈದನ್ನು. ನಾನು ಮೂರು ತಿಂಗಳು ಏನನ್ನೂ ಮಾರದೆ ಬರೀ ಅದನ್ನೇ ಟಿಪ್ಪಣಿ ಮಾಡಿಕೊಂಡೆ.

ಎಲ್ಲಿ ಮಾರುವುದು ಎನ್ನುವುದು ಮುಂದಿನ ಪ್ರಶ್ನೆ. ಈಬೇ ಕಂಪನಿ 2004ರಲ್ಲಿ ಬಾಝೀ ಡಾಟ್ ಕಾಮ್ ಕೊಂಡು ಭಾರತಕ್ಕೆ ಬಂದಿತ್ತು. 2018ರ ಆಗಸ್ಟಿನಲ್ಲಿ ಅದರ ಭಾರತದ ಅಂಗಡಿ ಮುಚ್ಚಿತು. ಈಗ ಇಂಥ ಹರಾಜುಗಳು ಹೆಚ್ಚಾಗಿ ಸಂಗ್ರಹಕಾರರ ಫೇಸ್‌ಬುಕ್ ಮತ್ತು ವಾಟ್ಸ್ಯಾಪ್ ಗುಂಪುಗಳಲ್ಲಿ ನಡೆಯುತ್ತವೆ. ಮಾರುವವನು ಫೋಟೋ, ವಿವರ, ಮೂಲ ಬೆಲೆ, ಮುಗಿಯುವ ಸಮಯ ಹಾಕುತ್ತಾನೆ. ಕೊಳ್ಳುವವರು ಕೆಳಗೆ ಮೊತ್ತ ಬರೆಯುತ್ತಾ ಹೋಗುತ್ತಾರೆ. ನಮ್ಮ ಕಡೆ ಹರಾಜಿಗೆ ಲಿಲಾವು ಎನ್ನುತ್ತಾರೆ, ಕೂಗುವ ಮೊತ್ತಕ್ಕೆ ಸವಾಲು. ಇದು ಕೂಗಿಲ್ಲದ ಲಿಲಾವು. ಮುಂಗಡ ಇಲ್ಲ, ಕರಾರು ಪತ್ರ ಇಲ್ಲ, ಇರುವುದು ನಾಲಿಗೆಯ ಮೇಲಿನ ನಂಬಿಕೆ ಮಾತ್ರ.

ಪುಸ್ತಕದ ಗುರುತು ಹಿಡಿಯುವುದರಲ್ಲಿ ಅರ್ಧ ಕೆಲಸ ಇದೆ. ಅಮರ ಚಿತ್ರ ಕಥೆ ಮತ್ತೆ ಮತ್ತೆ ಮುದ್ರಣವಾದ ಮಾಲೆ, ಒಂದೇ ಮುಖಪುಟ, ಒಂದೇ ಸಂಖ್ಯೆ. ‘ಕೃಷ್ಣ’ಕ್ಕೆ 11 ಎಂಬ ಸಂಖ್ಯೆ (ಮೊದಲ ಹತ್ತು ಪರದೇಶದ ಕಿನ್ನರ ಕಥೆಗಳು). ಹಾಗೆಂದು 11 ಎಂದು ಅಚ್ಚಾಗಿರುವುದೆಲ್ಲ ಮೊದಲ ಮುದ್ರಣವಲ್ಲ. ಹಿಂಬದಿಯ ರಕ್ಷಾಪುಟ ತಿರುಗಿಸಿ, ಅಲ್ಲಿ ಪ್ರಕಟವಾದ ಪುಸ್ತಕಗಳ ಪಟ್ಟಿ ಇದ್ದರೆ ಕೊನೆಯ ಸಂಖ್ಯೆ ನೋಡಿ. ಹನ್ನೊಂದನೆಯ ಪುಸ್ತಕದ ಬೆನ್ನ ಮೇಲೆ ಇನ್ನೂರನೆಯ ಪುಸ್ತಕದ ಹೆಸರಿದ್ದರೆ ಅದು ಯಾವ ಕಾಲದ್ದು ಎಂದು ಕೇಳಬೇಕಾಗಿಲ್ಲ. ಬೆಲೆಯೂ ಸುಳಿವು ಕೊಡುತ್ತದೆ, ಪ್ರಕಾಶಕರ ವಿಳಾಸವೂ ಕೊಡುತ್ತದೆ. ಇಂದ್ರಜಾಲದ್ದು ಬೇರೆ ಮೋಜು. 123 ಮತ್ತು 124ನೇ ಸಂಚಿಕೆಗಳು ಮುಷ್ಕರದಿಂದಾಗಿ ಹೊರಗೆ ಬರಲೇ ಇಲ್ಲ. ‘ಪೂರ್ತಿ ಸೆಟ್, ಒಂದೂ ತಪ್ಪಿಲ್ಲ’ ಎಂದು ಯಾರಾದರೂ ಮಾರಲು ಬಂದರೆ ನಾನು ಮೊದಲು ಇವೆರಡರ ಫೋಟೋ ಕೇಳುತ್ತೇನೆ. ಭಾರತದ ಓದುಗರಿಗೆಂದು ಆ ಸಂಪಾದಕರು ಫ್ಯಾಂಟಮ್‌ನ ನಾಡಿಗೆ ಡೆಂಕಾಲಿ ಎಂದೂ ಸಿಂಗ್ ಎಂಬ ಕಡಲ್ಗಳ್ಳರಿಗೆ ಸಿಂಗಾ ಎಂದೂ ಹೆಸರು ಬದಲಿಸಿದ್ದರು. ಈ ಬದಲಾವಣೆಗಳ ಬೆನ್ನು ಹತ್ತಿದ ಸಂಗ್ರಹಕಾರರೂ ಇದ್ದಾರೆ. ಅವರು ಯಾವ ಪುಟದಲ್ಲಿ ಯಾವ ಹೆಸರಿದೆ ಎಂದು ರಾತ್ರಿ ಹನ್ನೊಂದಕ್ಕೆ ಮೆಸೇಜು ಕಳಿಸಿ ಕೇಳುತ್ತಾರೆ. ಎದ್ದು ನೋಡಿ ಹೇಳುವುದು ಮಾರುವವನ ಕರ್ತವ್ಯ, ಬೆಳಿಗ್ಗೆಯಾದರೂ.

ಆಮೇಲೆ ಪುಟ ಎಣಿಸಬೇಕು. ಪ್ರತಿಯೊಂದನ್ನೂ. ನಡುವಿನ ಹಾಳೆ ಪಿನ್ನಿನಿಂದ ಕಳಚಿ ಬಿದ್ದು ಹೋಗಿರುತ್ತದೆ, ಕಥೆ ಓದುವವರಿಗೆ ಅದು ಗೊತ್ತಾಗುವುದು ಕೊನೆಗೆ. ಕೂಪನ್ ಕತ್ತರಿಸಿದ್ದಾರೆಯೇ? ಪದಬಂಧವನ್ನು ಪೆನ್ಸಿಲಿನಲ್ಲಿ ತುಂಬಿದ್ದಾರೆಯೇ? ಬಾಡಿಗೆ ಲೈಬ್ರರಿಯ ಮುದ್ರೆ ಇದೆಯೇ? ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಇಳಿದಿದೆಯೇ? ಸೆಲೊ ಟೇಪ್ ಹಚ್ಚಿದ್ದಾರೆಯೇ? ಟೇಪಿನ ಅಂಟು ಕಾಲ ಕಳೆದಂತೆ ಹಳದಿಯಾಗಿ ಕಾಗದವನ್ನು ತಿನ್ನುತ್ತದೆ, ಆದರೆ ಈಗ ಅದನ್ನು ಕಿತ್ತರೆ ಚಿತ್ರವೂ ಕಿತ್ತು ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬಿಟ್ಟು, ಇದೆ ಎಂದು ಬರೆಯುವುದೇ ಸರಿ. ಹೊಸ ಪಿನ್ನು ಹೊಡೆಯುವುದು, ಅಂಚು ಸಮ ಮಾಡಲು ಕತ್ತರಿಸುವುದು, ಬಣ್ಣ ಹೋದಲ್ಲಿ ಸ್ಕೆಚ್ ಪೆನ್ನು ಆಡಿಸುವುದು, ಇದೆಲ್ಲ ಸಂಗ್ರಹಕಾರರ ಲೆಕ್ಕದಲ್ಲಿ ದುರಸ್ತಿಯಲ್ಲ, ಮತ್ತೊಂದು ಗಾಯ. ಹೇಳದೆ ಮಾಡಿದರೆ ಮೋಸ. ಒಂದು ವಾಸನೆಯನ್ನೂ ನಾನು ವಿವರದಲ್ಲಿ ಬರೆಯುತ್ತೇನೆ. ಕಾಕು ವರ್ಷ ವರ್ಷ ಹಾಕಿದ ನುಸಿಗುಳಿಗೆಯದ್ದು. ಫೋಟೋದಲ್ಲಿ ವಾಸನೆ ಕಾಣುವುದಿಲ್ಲವಲ್ಲ.

ನಮ್ಮ ವೃತ್ತಿಯಲ್ಲಿ ಸಾಫ್ಟ್‌ವೇರ್ ಬಿಡುಗಡೆ ಮಾಡುವಾಗ ಜೊತೆಗೆ ಒಂದು ಟಿಪ್ಪಣಿ ಹೋಗುತ್ತದೆ. ಅದರಲ್ಲಿ ‘ನೋನ್ ಇಶ್ಯೂಸ್’ ಎಂದು ಒಂದು ಭಾಗ, ಅಂದರೆ ನಮಗೆ ಗೊತ್ತಿರುವ, ಇನ್ನೂ ಸರಿಯಾಗದ ದೋಷಗಳು. ಹೊಸದಾಗಿ ಸೇರಿದ ಹುಡುಗರು ಅದನ್ನು ಬರೆಯಲು ಹೆದರುತ್ತಾರೆ, ಗಿರಾಕಿ ಓಡಿಹೋದಾನು ಎಂದು. ಗಿರಾಕಿ ಓಡುವುದು ಆ ಪಟ್ಟಿ ಖಾಲಿ ಇದ್ದಾಗ. ಕಾಮಿಕ್ಸಿಗೂ ನಾನು ಅದೇ ಪಟ್ಟಿ ಬರೆದೆ, ಹೊಗಳಿಕೆಗಿಂತ ಮೊದಲು. ಇದನ್ನು ಕಾಕುಗೆ ಫೋನಿನಲ್ಲಿ ವಿವರಿಸಲು ಹೊರಟರೆ ಅವರು ನನ್ನನ್ನು ನಡುವೆಯೇ ತಡೆದರು. ಅವರ ತವರು ಬ್ಯಾಡಗಿಯ ಕಡೆ, ಅಪ್ಪ ಮೆಣಸಿನಕಾಯಿ ಬೆಳೆದವರು. “ಚೀಲದ ಬಾಯಾಗ ಕೆಂಪು ಕಾಯಿ ಇಟ್ಟು ತಳದಾಗ ಬಿಳಿಚಿದ್ದು ತುಂಬಿದ್ರ ವ್ಯಾಪಾರಿ ಏನ್ ಕುರುಡನ? ಮೊಣಕೈ ತನಾ ಕೈ ಹಾಕತಾನ” ಎಂದರು. ಎಂ.ಟೆಕ್ ಓದಿದ ನಾನು ಸುಮ್ಮನಾದೆ. ಜಾಲದ ಹರಾಜಿನಲ್ಲಿ ಚೀಲದೊಳಗೆ ಕೈ ಹಾಕಲು ಬರುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಕೊಳ್ಳುವವನ ಕೈಯ ಕೆಲಸವನ್ನು ಮಾರುವವನ ಫೋಟೋ ಮಾಡಬೇಕು.

ಅದಕ್ಕೇ ಒಂದು ಪುಸ್ತಕಕ್ಕೆ ಎಂಟು ಫೋಟೋ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ಬಿಸಿಲು ನೇರವಾಗಿ ಬೀಳದಂತೆ, ಮೊಬೈಲು ತಾನಾಗಿಯೇ ಬಣ್ಣ ಏರಿಸುವ ಸೌಲಭ್ಯವನ್ನು ಆರಿಸಿ. ಮುಂದೆ, ಹಿಂದೆ, ಬೆನ್ನು, ಎರಡೂ ಪಿನ್ನು, ನಡುವಿನ ಹಾಳೆ, ಸಹಿ ಇರುವ ಪುಟ, ಹಾಳಾದ ಜಾಗ. ಹಾಳಾದ ಜಾಗದ ಪಕ್ಕ ಒಂದು ರೂಪಾಯಿ ನಾಣ್ಯ ಇಡುತ್ತೇನೆ, ಹರಿದದ್ದು ಎಷ್ಟುದ್ದ ಎಂದು ಗೊತ್ತಾಗಲಿ ಎಂದು.

ಸಹಿಯ ವಿಚಾರದಲ್ಲಿ ಮನೆಯಲ್ಲಿ ಚರ್ಚೆಯಾಯಿತು. ಅಂಕ ಕೊಡುವವರ ಲೆಕ್ಕದಲ್ಲಿ ಪುಟದ ಮೇಲೆ ಪೆನ್ನಿನ ಬರಹ ಇದ್ದರೆ ಅಂಕ ಇಳಿಯುತ್ತದೆ. ತಮ್ಮ ಅದನ್ನು ಅಳಿಸುವ ದ್ರಾವಣ ಸಿಗುತ್ತದೆ ಎಂದ. ಬೇಡ ಎಂದೆ. ಕಾಕಾನ ಅಕ್ಷರ ಎಂಬ ಮಮಕಾರ ಒಂದು ಕಡೆ. ಅಳಿಸಿದ ಗುರುತು ಬರಹಕ್ಕಿಂತ ಕೆಟ್ಟದಾಗಿ ಕಾಣುತ್ತದೆ ಎಂಬುದು ಇನ್ನೊಂದು. ಪ್ರತಿ ವಿವರದಲ್ಲೂ ‘ಮೊದಲ ಪುಟದಲ್ಲಿ ಮೂಲ ಒಡೆಯರ ಕೈಬರಹ: ಸ್ಟೇಷನ್, ತಾರೀಖು, ಸಹಿ’ ಎಂದು ಬರೆದೆ. ಕೆಲವರು ಅದೇ ಕಾರಣಕ್ಕೆ ಬಿಟ್ಟರು. ಸಿಕಂದರಾಬಾದಿನ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರು ಅದೇ ಕಾರಣಕ್ಕೆ ಕೊಂಡರು. ಅವರಿಗೆ ಬೇಕಾಗಿದ್ದದ್ದು ‘ಗುಂತಕಲ್’ ಎಂದು ಬರೆದವು ಮಾತ್ರ. ಫ್ಯಾಂಟಮ್ಮೋ ಮ್ಯಾಂಡ್ರೇಕೋ ಕೇಳಲೇ ಇಲ್ಲ, ಹದಿನಾಲ್ಕು ತೆಗೆದುಕೊಂಡರು.

ಇನ್ನು ಹರಾಜಿನ ಒಳಗಿನ ಯಂತ್ರ. ಈಬೇಯಂಥ ಜಾಗದಲ್ಲಿ ನೀವು ನಿಮ್ಮ ಗರಿಷ್ಠ ಮೊತ್ತ ಹೇಳಿಬಿಟ್ಟರೆ ಯಂತ್ರ ನಿಮ್ಮ ಪರವಾಗಿ ಬೇಕಾದಷ್ಟೇ ಏರಿಸುತ್ತದೆ. ಗೆದ್ದವನು ಕೊಡುವುದು ತನ್ನ ಗರಿಷ್ಠವನ್ನಲ್ಲ, ಎರಡನೆಯವನ ಮೊತ್ತಕ್ಕಿಂತ ಒಂದು ಮೆಟ್ಟಿಲು ಮೇಲೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲೇ ಇಂಥ ಹರಾಜಿನ ಲೆಕ್ಕವನ್ನು ಬಿಡಿಸಿಟ್ಟಿದ್ದರು, 1996ರಲ್ಲಿ ನೊಬೆಲ್ ಬಂತು. ನಮ್ಮ ಫೇಸ್‌ಬುಕ್ ಗುಂಪಿನಲ್ಲಿ ಯಂತ್ರ ಇಲ್ಲದಿದ್ದರೂ ಫಲ ಅದೇ. ಎರಡನೆಯವನು ಕೈಬಿಟ್ಟ ಜಾಗದಲ್ಲಿ ಬೆಲೆ ನಿಲ್ಲುತ್ತದೆ. ಇದು ನನಗೆ ಬಹಳ ಮುಖ್ಯವಾಗಿ ಕಂಡಿತು. ಮೊದಲನೆಯವನಿಗೆ ಪುಸ್ತಕದ ಹುಚ್ಚು ಇರುತ್ತದೆ, ವಿವರ ಅರ್ಧಂಬರ್ಧ ಇದ್ದರೂ ಅವನು ಬರುತ್ತಾನೆ. ಆದರೆ ಮಾರುವವನಿಗೆ ಸಿಗುವ ಬೆಲೆ ಎರಡನೆಯವನ ಕೈಯಲ್ಲಿದೆ, ಅವನು ಅನುಮಾನದ ಮನುಷ್ಯ. ‘ಹಿಂಬದಿಯ ಫೋಟೋ ಯಾಕೆ ಹಾಕಿಲ್ಲ? ಏನೋ ಇರಬೇಕು’ ಎಂದು ಇನ್ನೂರು ರೂಪಾಯಿ ಕಡಿಮೆಯಲ್ಲೇ ನಿಂತುಬಿಡುತ್ತಾನೆ. ಎಲ್ಲ ದೋಷ ಮೊದಲೇ ಬರೆದಿಟ್ಟರೆ ಅವನು ಅನುಮಾನಕ್ಕಾಗಿ ಕಡಿತ ಮಾಡುವುದಿಲ್ಲ, ದೋಷಕ್ಕಾಗಿ ಮಾತ್ರ ಮಾಡುತ್ತಾನೆ. ನನ್ನ ಟಿಪ್ಪಣಿಯಲ್ಲಿ ತುಕ್ಕು ಹಿಡಿದ ಪಿನ್ನು ಸಮೀಪದಿಂದ ತೋರಿಸಿದ ಪುಸ್ತಕಗಳು ಸುಮ್ಮನೆ ‘ಗುಡ್’ ಎಂದ ಬೇರೆಯವರ ಪುಸ್ತಕಗಳಿಗಿಂತ ಹೆಚ್ಚಿಗೇ ಹೋಗಿವೆ.

ಮೂಲ ಬೆಲೆಯನ್ನು ಕಡಿಮೆ ಇಟ್ಟರೆ ಜನ ಸೇರುತ್ತಾರೆ. ಆದರೆ ಆ ಬೆಲೆಗೇ ಹೋದರೂ ಕೊಡುವ ಮನಸ್ಸು ಇರಬೇಕು. ಕೊಡಲಾರೆ ಎಂದಿದ್ದರೆ ಕನಿಷ್ಠ ಬೆಲೆ ಇದೆ ಎಂದು ಮೊದಲೇ ಹೇಳಿ. ಸವಾಲು ಶುರುವಾದ ಮೇಲೆ ಯಾರಾದರೂ ಗುಟ್ಟಾಗಿ ‘ಇಷ್ಟು ಕೊಡುತ್ತೇನೆ, ಈಗಲೇ ಮುಗಿಸಿ’ ಎಂದರೆ ಮುಗಿಸಬೇಡಿ. ಮುಗಿಯುವ ಸಮಯದ ಬಗ್ಗೆ ಆಲ್ವಿನ್ ರಾತ್ ಮತ್ತು ಆ್ಯಕ್ಸೆಲ್ ಓಕನ್‌ಫೆಲ್ಸ್ 2002ರಲ್ಲಿ ಬರೆದದ್ದು ನನ್ನಂಥವರಿಗೆ ರುಚಿಸುವ ಓದು. ಗಡಿಯಾರ ನೋಡಿ ಕಟ್ಟಾಗಿ ಮುಗಿಯುವ ಈಬೇಯಲ್ಲಿ ಜನ ಕೊನೆಯ ಕ್ಷಣಕ್ಕೆ ಕಾಯುತ್ತಿದ್ದರು, ತಡವಾಗಿ ಸವಾಲು ಬಂದರೆ ಹತ್ತು ನಿಮಿಷ ಮುಂದುವರಿಯುತ್ತಿದ್ದ ಅಮೆಜಾನಿನ ಹರಾಜಿನಲ್ಲಿ ಆ ಕಾಯುವಿಕೆ ಬಹಳ ಕಡಿಮೆಯಿತ್ತು. ನಮ್ಮ ಗುಂಪಿನಲ್ಲೂ ಕೊನೆಯ ಐದು ನಿಮಿಷದಲ್ಲಿ ಸವಾಲು ಬಂದರೆ ಇನ್ನೈದು ನಿಮಿಷ ಬೆಳೆಯುತ್ತದೆ. ರವಿವಾರ ರಾತ್ರಿ ಹತ್ತಕ್ಕೆ ಮುಗಿಯಬೇಕಾದದ್ದು ಕೆಲವೊಮ್ಮೆ ಹನ್ನೊಂದಾಗುತ್ತದೆ. ಹೆಂಡತಿಗೆ ಇದು ಹಿಡಿಸುವುದಿಲ್ಲ.

ಎರಡನೆಯವನ ಮೇಲೆ ಬೆಲೆ ನಿಲ್ಲುತ್ತದೆ ಎಂದು ತಮ್ಮನಿಗೆ ವಿವರಿಸಿದ್ದೇ, ಅವನು ಅದರಿಂದ ಬೇರೆಯೇ ಪಾಠ ತೆಗೆದ. “ಅಣ್ಣಾ, ಹಂಗಿದ್ರ ಎರಡನೆಯವ ನಾನ ಆಗತೀನಿ. ಬ್ಯಾರೆ ಹೆಸರಿಂದ ಸವಾಲ್ ಹಾಕತೀನಿ, ಏರಲಿ. ಯಾರಿಗೆ ಗೊತ್ತಾಗತದ?” ಎಂದ. ಅವನು ಕೆಟ್ಟವನಲ್ಲ, ಅವ್ವನ ಮಾಳಿಗೆಯ ಚಿಂತೆ ಅವನದ್ದು. ಆದರೆ ಇದಕ್ಕೆ ನಾನು ಒಪ್ಪಲಿಲ್ಲ. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಹರಾಜಿನ ಬಗ್ಗೆಯೇ ಇದೆ. ಮಾರುವವನು ತಾನೂ ಸವಾಲು ಹಾಕುವ ಹಕ್ಕು ಇಟ್ಟುಕೊಂಡಿದ್ದೇನೆ ಎಂದು ಮೊದಲೇ ಸಾರದೆ, ತಾನಾಗಲಿ ತನ್ನ ಕಡೆಯವನಿಂದಾಗಲಿ ಸವಾಲು ಹಾಕಿಸುವಂತಿಲ್ಲ. ಬೆಲೆ ಏರಿಸಲು ಸುಳ್ಳು ಸವಾಲು ಹಾಕಿಸಿದರೆ ಕೊಂಡವನು ವ್ಯಾಪಾರವನ್ನೇ ರದ್ದು ಮಾಡಬಹುದು. ಹತ್ತಿಯ, ದನದ ಲಿಲಾವಿಗೆ ಅನ್ವಯವಾಗುವ ಮಾತು ಫ್ಯಾಂಟಮ್ಮಿಗೂ ಅನ್ವಯವಾಗುತ್ತದೆ. ಕಾನೂನು ಬಿಡಿ. ಎದುರಿಗಿರುವ ಮನುಷ್ಯ ಇನ್ನೊಬ್ಬ ಸಂಗ್ರಹಕಾರನೂ ಇದಕ್ಕೆ ಇಷ್ಟು ಬೆಲೆ ಕಟ್ಟುತ್ತಿದ್ದಾನೆ ಎಂದು ನಂಬಿ ಮುಂದಿನ ಹೆಜ್ಜೆ ಇಡುತ್ತಾನೆ. ಆ ಇನ್ನೊಬ್ಬ ನಮ್ಮ ತಮ್ಮ. ಪುಸ್ತಕದ ಬಗ್ಗೆ ಎಂಟು ಫೋಟೋ ಹಾಕಿ ನಿಜ ಹೇಳಿ, ಬೆಲೆಯ ಬಗ್ಗೆ ಸುಳ್ಳು ಹೇಳಿದರೆ ಆ ಎಂಟು ಫೋಟೋಕ್ಕೆ ಏನು ಅರ್ಥ?

ತಮ್ಮ ಅದನ್ನು ಅಲ್ಲಿಗೇ ಬಿಟ್ಟ. ನಿಜವಾದ ತಿಕ್ಕಾಟ ಬಂದದ್ದು ‘ಕೃಷ್ಣ’ದಲ್ಲಿ.

ಟ್ರಂಕಿನಲ್ಲಿದ್ದ ‘ಕೃಷ್ಣ’ ಸಂಖ್ಯೆ 11 ಮರುಮುದ್ರಣದ್ದು. ಹಿಂಬದಿಯ ಪಟ್ಟಿ ಇನ್ನೂರನ್ನು ದಾಟಿತ್ತು. ‘ಮರುಮುದ್ರಣ’ ಎಂದು ವಿವರದಲ್ಲಿ ಬರೆದೆ, ಹಿಂಬದಿಯ ಫೋಟೋ ಹಾಕಿದೆ, ಮೂಲ ಬೆಲೆ 300 ಎಂದೆ. ಶುಕ್ರವಾರ 1,200 ಆಯಿತು. ಶನಿವಾರ 4,600. ರವಿವಾರ ಮಧ್ಯಾಹ್ನದ ಊಟದ ಹೊತ್ತಿಗೆ 8,200. ಏರಿಸುತ್ತಿದ್ದವರು ಇಬ್ಬರೇ, ಒಬ್ಬರು ಚೆನ್ನೈನವರು, ಒಬ್ಬರು ಸೂರತ್‌ನವರು. ಆಸೆ ಹುಟ್ಟಿದ ಕಣ್ಣು ಪೂರ್ತಿ ಸಾಲು ಓದುವುದಿಲ್ಲ. ಇಬ್ಬರೂ ಮೊದಲ ಮುದ್ರಣ ಎಂದೇ ತಿಳಿದಿದ್ದಾರೆ ಎನ್ನುವುದು ಮೊತ್ತ ನೋಡಿದರೇ ಗೊತ್ತಾಗುತ್ತಿತ್ತು. ಒಬ್ಬನ ಭ್ರಮೆ ಇನ್ನೊಬ್ಬನಿಗೆ ಪುರಾವೆ.

ತಮ್ಮನ ಫೋನು ಬಂತು. “ನೀ ಬರದೀಯಲ್ಲ ಅಣ್ಣಾ. ಫೋಟೋನೂ ಹಾಕೀದಿ. ಓದಲಿಲ್ಲಂದ್ರ ಅದು ಅವರ ಹಣೆಬರಹ” ಎಂದ. ಗುಂಪಿನ ನಿಯಮದ ಪ್ರಕಾರ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಒಂದು ಅಕ್ಷರ ಸುಳ್ಳು ಬರೆದಿರಲಿಲ್ಲ. ಆದರೆ ಎದುರಿನವನು ತಪ್ಪು ತಿಳಿದಿದ್ದಾನೆ ಎಂದು ನನಗೆ ಖಾತ್ರಿಯಾದ ಮೇಲೆ, ಸುಮ್ಮನಿರುವುದು ಮೊದಲಿನ ಹಾಗೆ ಬರೀ ಸುಮ್ಮನಿರುವುದಾಗಿ ಉಳಿಯುತ್ತದೆಯೇ? ದುಡ್ಡು ನನ್ನದಾಗಿದ್ದರೆ ಯೋಚಿಸುತ್ತಿರಲಿಲ್ಲ. ಕಾಕುನ ದುಡ್ಡಿನಲ್ಲಿ ನಾನು ದೊಡ್ಡ ಮನುಷ್ಯ ಆಗುವುದು ಹೇಗೆ? ಧಾರವಾಡಕ್ಕೆ ಫೋನು ಮಾಡಿದೆ.

“ಅವರ್ಯಾಕ ಅಷ್ಟ್ ಕೂಗಾಕತ್ತಾರ?” ಎಂದು ಕೇಳಿದರು.

“ಮೊದಲನೇ ಮುದ್ರಣ ಅಂತ ತಿಳಕೊಂಡಾರ ಕಾಕು.”

“ಹೌದೇನು ಅದು?”

“ಅಲ್ಲ.”

ಸ್ವಲ್ಪ ಹೊತ್ತು ಕುಕ್ಕರಿನ ಸದ್ದಷ್ಟೇ ಕೇಳಿಸಿತು. “ರೊಕ್ಕ ನನ್ನ ಖಾತೆಗೆ ಬರತಾವ ಅಂದಿ. ಪುಸ್ತಕ ಕೈಗೆ ಸಿಕ್ಕಮ್ಯಾಲೆ ಅವರು ಬಯ್ಯೋದೂ ನನ್ನ ಖಾತೆಗೇ ಬರತದಲ್ಲೋ? ಹೇಳಿಬಿಡು” ಎಂದರು. ಆಮೇಲೆ, “ಎಷ್ಟಕ್ಕ ಇಳೀತದ?” ಎಂದೂ ಕೇಳಿದರು. ಗೊತ್ತಿಲ್ಲ ಎಂದೆ.

ಹರಾಜಿನ ಕೆಳಗೆ ಮೂರು ಸಾಲು ಬರೆದೆ. ಇದು ಮರುಮುದ್ರಣ, ಮೊದಲ ಮುದ್ರಣ ಅಲ್ಲ, ಹಿಂಬದಿಯ ಫೋಟೋ ದಯವಿಟ್ಟು ನೋಡಿ, ಯಾರಿಗಾದರೂ ಸವಾಲು ಹಿಂದೆಗೆದುಕೊಳ್ಳಬೇಕೆನಿಸಿದರೆ ಸಂತೋಷದಿಂದ ಒಪ್ಪುತ್ತೇನೆ. ಚೆನ್ನೈನವರು ಕೈ ಮುಗಿದ ಚಿತ್ರ ಹಾಕಿ ಹೋದರು. ಸೂರತ್‌ನವರು ಏನೂ ಹೇಳದೆ ತಮ್ಮ ಸವಾಲುಗಳನ್ನು ಅಳಿಸಿದರು. ರಾತ್ರಿ ಅದು 700ಕ್ಕೆ ಹೋಯಿತು, ಮಗಳಿಗೆ ಓದಿಸಬೇಕು ಎಂದ ಸಾಂಗ್ಲಿಯ ಒಬ್ಬ ಶಾಲಾ ಮಾಸ್ತರರಿಗೆ. ಮುಂದೆ ಆ ಚೆನ್ನೈನವರೋ ಸೂರತ್‌ನವರೋ ಮೆಚ್ಚಿಕೊಂಡು ಮರಳಿ ಬಂದು ಬೇರೆ ಪುಸ್ತಕಕ್ಕೆ ಹೆಚ್ಚು ಕೊಟ್ಟರು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಇಬ್ಬರೂ ಬಂದಿಲ್ಲ. ತಮ್ಮ ಎರಡು ವಾರ ಫೋನು ಮಾಡಲಿಲ್ಲ.

ಕಳಿಸುವ ವಿಷಯ ಚುಟುಕಾಗಿ. ಪುಸ್ತಕಕ್ಕೆ ತೆಳು ಪ್ಲಾಸ್ಟಿಕ್ ಚೀಲ, ಎರಡೂ ಕಡೆ ಪುಸ್ತಕಕ್ಕಿಂತ ಒಂದು ಬೆರಳು ದೊಡ್ಡದಾದ ರಟ್ಟು. ಟೇಪು ರಟ್ಟಿಗೆ ಅಂಟಬೇಕು, ಚೀಲಕ್ಕಲ್ಲ. ಬಿಚ್ಚುವಾಗ ಟೇಪು ಮುಖಪುಟಕ್ಕೆ ತಾಗಿದರೆ ಐವತ್ತು ವರ್ಷ ಉಳಿದದ್ದು ಐದು ಸೆಕೆಂಡಿನಲ್ಲಿ ಹೋಗುತ್ತದೆ. ಮೇಲೆ ಮತ್ತೊಂದು ಪ್ಲಾಸ್ಟಿಕ್ ಸುತ್ತು, ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಕಡ್ಡಾಯ. ಲ್ಯಾಮಿನೇಷನ್ ಯಾವ ಕಾರಣಕ್ಕೂ ಬೇಡ. ಸ್ಪೀಡ್ ಪೋಸ್ಟಿನ ಖರ್ಚು ಎಷ್ಟು ಎಂದು ಹರಾಜಿನ ವಿವರದಲ್ಲೇ ಬರೆದಿಡಿ, ಗೆದ್ದ ಮೇಲೆ ಹೇಳಿದರೆ ಅದೂ ಒಂದು ಬಗೆಯ ಬೆಲೆ ಏರಿಕೆಯೇ. ಕಟ್ಟುವ ಮೊದಲು ಮತ್ತೊಮ್ಮೆ ಪುಟ ಎಣಿಸಿ ಒಂದು ನಿಮಿಷದ ವಿಡಿಯೋ ತೆಗೆದಿಟ್ಟುಕೊಳ್ಳಿ. ಕೊಂಡವನು ಪುಸ್ತಕ ವಿವರದಂತಿಲ್ಲ ಎಂದರೆ ವಾದ ಬೇಡ, ವಾಪಸು ಪಡೆದು ದುಡ್ಡು ಕೊಡಿ. ಇನ್ನೂರ ಹನ್ನೆರಡರಲ್ಲಿ ಎರಡು ಹಾಗೆ ಮರಳಿ ಬಂದವು. ಒಂದು ದಾರಿಯಲ್ಲಿ ಮಡಚಿತ್ತು, ಇನ್ನೊಂದರಲ್ಲಿ ಕೊಂಡವರ ಮನಸ್ಸು ಬದಲಾಗಿತ್ತು.

ಒಟ್ಟು ಬಂದದ್ದು 83,400. ಎಕ್ಸೆಲ್ ಶೀಟಿನ ಹತ್ತನೇ ಒಂದು ಭಾಗ. ಈ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ನೀರು ಇಳಿಯದಂತೆ ಕೆಲಸವಾಯಿತು, ಗೋಡೆಯ ಗಿಲಾವು ಬಾಕಿ ಇದೆ. ಕಾಕು ಅದನ್ನು ಹೇಳುವಾಗ ‘ಕೃಷ್ಣ’ದ ಹೆಸರು ಎತ್ತುವುದಿಲ್ಲ, ತಮ್ಮ ಎತ್ತುತ್ತಾನೆ.

ಇನ್ನು ಉಳಿದಿರುವುದು ಮೂರು ಬೈಂಡ್ ಸಂಪುಟ. ಒಂದೊಂದರಲ್ಲಿ ಹತ್ತು ಇಂದ್ರಜಾಲ, ಕಾಕಾ ಧಾರವಾಡದಲ್ಲೇ ಹೊಲಿಸಿ ರಟ್ಟು ಕಟ್ಟಿಸಿದ್ದು. ಬೈಂಡ್ ಮಾಡಿದವನು ಮೂರೂ ಕಡೆ ಅಂಚು ಕತ್ತರಿಸಿದ್ದಾನೆ, ಕೆಲವು ಪುಟಗಳಲ್ಲಿ ಮಾತಿನ ಗುಳ್ಳೆಗಳ ಮೇಲಂಚೂ ಹೋಗಿದೆ. ಸಂಗ್ರಹಕಾರರ ಲೆಕ್ಕದಲ್ಲಿ ಅಂಕ ಸೊನ್ನೆಯ ಹತ್ತಿರ, ಓದುವವರಿಗೆ ಮಾತ್ರ ಇದಕ್ಕಿಂತ ಗಟ್ಟಿಯಾದದ್ದು ಸಿಗದು. ಮುಂದಿನ ರವಿವಾರ ಹಾಕುತ್ತಿದ್ದೇನೆ. ವಿವರ ಬರೆದಾಗಿದೆ, ಮೊದಲ ಸಾಲು ಹೀಗಿದೆ: ‘ಅಂಚು ಕತ್ತರಿಸಿದ ಬೈಂಡ್ ಪ್ರತಿಗಳು, ಮೂರನೇ ಸಂಪುಟದಲ್ಲಿ ಏಳನೇ ಪುಸ್ತಕದ ಕೊನೆಯ ಹಾಳೆ ಇಲ್ಲ, ಕಳ್ಳ ಸಿಕ್ಕನೋ ಇಲ್ಲವೋ ಗೊತ್ತಾಗುವುದಿಲ್ಲ.’